ಎಮಿಲಿಯೋ ಗೇ ಜಾಗ ತುಂಬುವವರು ಯಾರು?

ಆಸ್ಟ್ರೇಲಿಯಾದ ಮಾಜಿ ಆಟಗಾರ ಡ್ಯಾರೆನ್ ಲೀಮನ್ ಕೋಚ್ ಆಗಿ ಬಂದಿದ್ದರಿಂದ 2025ರಲ್ಲಿ ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ತಂಡ ನಾರ್ಥಾಂಪ್ಟನ್‌ಶೈರ್ ಮೇಲೇಳುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೂ ಅದೇ ಆಸೆ, ಸರ್. ಆದರೆ ಆರಂಭಿಕ ಬ್ಯಾಟರ್ ಎಮಿಲಿಯೋ ಗೇ ಇನ್ನೊಂದು ಕೌಂಟಿ ಡರ್ಹಮ್‌ಗೆ ಹೋದದ್ದನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಿ. ಏಪ್ರಿಲ್ ಚಳಿಯಲ್ಲಿ ಹೊಸ ಚೆಂಡು ಆಡಿ ನಿಲ್ಲುವ ಆರಂಭಿಕ ಸುಮ್ನೆ ಸಿಗ್ತಾನಾ? 2024ರ ಏಪ್ರಿಲ್‌ನಲ್ಲಿ ತಂಡದಲ್ಲಿ ನಮ್ಮ ಕರುಣ್ ನಾಯರ್ ಇದ್ದರು. ಗ್ಲಾಮೋರ್ಗನ್ ಕೌಂಟಿ ವಿರುದ್ಧ ಔಟಾಗದೆ 202 ಹೊಡೆದಿದ್ದರು, ನೆನಪಿದೆ ಅಲ್ವಾ? 2025ರ ಏಪ್ರಿಲ್‌ನಲ್ಲಿ ಅವರು ಐಪಿಎಲ್‌ಗೆ ಡೆಲ್ಲಿ ತಂಡದಲ್ಲಿದ್ದರು. ಹಾಗಾಗಿ ಆಗಿನ ನಾಯಕ ಲ್ಯೂಕ್ ಪ್ರಾಕ್ಟರ್ ಮೇಲೆ ಭಾರ ಜಾಸ್ತಿ ಇತ್ತು. ತಂಡವಿದ್ದ ಕೌಂಟಿ ಚಾಂಪಿಯನ್‌ಶಿಪ್‌ನ ಕೆಳಗಿನ ಹಂತ, ಅಂದರೆ ಎರಡನೇ ಡಿವಿಷನ್‌ನಿಂದ 2025ರಲ್ಲಿ ಮೇಲೆ ಹೋಗಬಹುದಾಗಿದ್ದದ್ದು ಎರಡೇ ತಂಡ. ಶುರುವಿನಲ್ಲಿ ಎರಡು ಪಂದ್ಯ ಸೋತರೂ ಕಷ್ಟ. ಆರಂಭಿಕ ಜೋಡಿಯ ಬಗ್ಗೆ ಇನ್ನೊಂದು ಲೇಖನ ಬರೆಯಿರಿ, ದಯವಿಟ್ಟು.