ಸೈನಿಕನ ಆಯುಷ್ಯ ‘ಆರೇ ವಾರ’: ಲೆಕ್ಕ ತಪ್ಪಿದ್ದೆಲ್ಲಿ?

ಮಂಡ್ಯದ ನಮ್ಮ ಬೀದಿಯ ತಾಯಿಯೊಬ್ಬರ ಮಗ ಸೇನೆಯಲ್ಲಿದ್ದಾನೆ. ಮೊನ್ನೆ ಮೊಬೈಲ್ ಹಿಡಿದು ಬಂದರು, ಕೈ ನಡುಗುತ್ತಿತ್ತು. ಯುದ್ಧವಾದರೆ ಮುಂಚೂಣಿಯ ಸೈನಿಕ ಸರಾಸರಿ ಆರು ವಾರವಷ್ಟೇ ಬದುಕುತ್ತಾನೆ ಎಂಬ ಹಳೆಯ ಸಂದೇಶ ಅದು. ಕಳುಹಿಸಿದವರಿಗೂ ಆತಂಕವೇ ಇದ್ದಿರಬೇಕು.

ಆದರೆ ಮಾತು ತಪ್ಪು. ಮೊದಲ ಮಹಾಯುದ್ಧದ ಕಿರಿಯ ಬ್ರಿಟಿಷ್ ಅಧಿಕಾರಿಗಳ ಬಗ್ಗೆಯೂ ಹೀಗೆಯೇ ಹೇಳುವುದುಂಟು. ಆ ಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳಲ್ಲಿ ನೂರಕ್ಕೆ ಸುಮಾರು 17, ಸಾಮಾನ್ಯ ಸೈನಿಕರಲ್ಲಿ ನೂರಕ್ಕೆ ಸುಮಾರು 12 ಮಂದಿ ಮಡಿದರು. ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕಡಲಾಚೆ ಹೋದರು. ಸುಮಾರು 74,000 ಭಾರತೀಯ ಯೋಧರು ಮಡಿದರು. ಸಣ್ಣ ನಷ್ಟವಲ್ಲ, ಒಂದೊಂದೂ ಒಂದು ಮನೆಯ ದುಃಖ. ಆದರೂ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಬಹುಪಾಲು ಸವಾರರು ಬದುಕಿ ಬಂದರು.

ಸತ್ತವರ ದಿನಗಳನ್ನಷ್ಟೇ ಕೂಡಿ ಸರಾಸರಿ ತೆಗೆದರೆ ಉಳಿದವರು ಲೆಕ್ಕದಿಂದಲೇ ಜಾರಿಹೋಗುತ್ತಾರೆ. ಆದ್ದರಿಂದ ಇಂಥ ಸಂಖ್ಯೆ ಕಂಡಾಗ ಯಾವ ಯುದ್ಧ, ಯಾವ ತುಕಡಿ, ಎಷ್ಟು ಜನರಲ್ಲಿ ಎಷ್ಟು ಎಂದು ಕೇಳಿ. ಉತ್ತರ ಸಿಕ್ಕರೆ ಮಡಿದವರನ್ನು ಹೋದವರಿಂದ ಭಾಗಿಸಿ. ಆ ತಾಯಿಗೆ ಡೇರಿಯ ಹಾಲಿನ ಪುಸ್ತಕದ ಹಿಂಬದಿಯಲ್ಲೇ ಈ ಭಾಗಾಕಾರ ಮಾಡಿ ತೋರಿಸಿದೆ.