ಸತ್ಯಾಂಶ: ಭಾಷೆ ಮೊದಲೇ ಬರಬೇಕಾ?

‘ಅಮೆರಿಕದ ಪೀಸ್ ಕೋರ್‌ನಲ್ಲಿ ಸ್ವಯಂಸೇವಕರಾಗಲು ಹೋಗುವ ದೇಶದ ಭಾಷೆ ಮೊದಲೇ ಬರಬೇಕು’ ಎಂಬ ಮೆಸೇಜ್ ಓಡಾಡುತ್ತಿದೆ. ಪೀಸ್ ಕೋರ್ ಅಂದರೆ ಬೇರೆ ದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಅಮೆರಿಕ ಸರ್ಕಾರದ ಸಂಸ್ಥೆ. ಮೆಸೇಜ್ ಪೂರ್ತಿ ನಿಜವಲ್ಲ. ಸ್ಪ್ಯಾನಿಷ್, ಫ್ರೆಂಚ್ ನಡೆಯುವ ಕೆಲವು ದೇಶಗಳಿಗೆ ಸ್ವಲ್ಪ ತಿಳಿದಿರಬೇಕೆಂದು ಕೇಳುತ್ತಾರೆ, ಅಷ್ಟೇ. ಉಳಿದಂತೆ ಹೆಚ್ಚಾಗಿ ಅಲ್ಲಿಗೆ ಹೋದ ಮೇಲೇ ಪಾಠ. ಸುಮಾರು 3 ತಿಂಗಳು, ಊರಿನವರ ಮನೆಯಲ್ಲೇ ಇದ್ದುಕೊಂಡು.

ಉದಾಹರಣೆಗೆ, ಆಫ್ರಿಕಾದ ಟಾಂಜಾನಿಯಾ ಆದರೆ ಸ್ವಾಹಿಲಿ ಭಾಷೆ. ಹಿರಿಯರು ಕಂಡರೆ ‘ಶಿಕಮೋ’ ಅನ್ನಬೇಕು. ಅವರು ‘ಮರಹಬಾ’ ಅನ್ನುತ್ತಾರೆ. ಗಡಿಯಾರದ್ದೇ ಜಾಸ್ತಿ ಫಜೀತಿ! ನಮ್ಮ ಬೆಳಗಿನ 7 ಗಂಟೆ ಅವರಿಗೆ ‘ಸಾ ಮೋಜಾ’, ಅಂದರೆ 1 ಗಂಟೆ. ಬೆಳಗಾದ ಮೇಲೆ ಲೆಕ್ಕ ಶುರು. ಯೋಚಿಸಿದರೆ ಸರಿಯಾಗೇ ಇದೆ, ಅಲ್ವಾ?

1961ರಿಂದ 1976ರವರೆಗೆ ಪೀಸ್ ಕೋರ್ ಭಾರತದಲ್ಲೂ ಇತ್ತು. ಆಗಿನ ಮೈಸೂರು ರಾಜ್ಯಕ್ಕೆ ಬಂದವರು ಕನ್ನಡ ಕಲಿತಿದ್ದರು. ಅಂದಹಾಗೆ, ಅರ್ಜಿ ಹಾಕಲು ಅಮೆರಿಕದ ಪೌರತ್ವ ಬೇಕೇ ಬೇಕು. ಅದನ್ನು ಮಾತ್ರ ಆ ಮೆಸೇಜ್ ಹೇಳುವುದೇ ಇಲ್ಲ.