ಪರೀಕ್ಷೆಗೆ ಮೊದಲೇ ಬರುವ ರ‍್ಯಾಂಕ್

ದಾವಣಗೆರೆಯಲ್ಲಿ ಸಿಇಟಿ ಬರೆದು, ಫಲಿತಾಂಶದ ದಿನ ಸೂಚನಾ ಫಲಕದ ಮುಂದೆ ಉಸಿರು ಬಿಗಿಹಿಡಿದು ನಿಂತವನು ನಾನು. ರ‍್ಯಾಂಕ್ ಎಂದರೆ ಬರೆದ ಮೇಲೆ ಬರುವಂಥದ್ದು ಎಂಬುದು ಅಂದೇ ಮನಸ್ಸಿನಲ್ಲಿ ಬೇರೂರಿತು. ಹಾಗಾಗಿ ಉತ್ತರ ಕೆರೊಲಿನಾದ ರಾಲಿ ಪಕ್ಕದ ಕೇರಿ ಎಂಬ ಊರಿನಲ್ಲಿ ಇಷ್ಟು ವರ್ಷ ಬದುಕಿದರೂ ಇಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಒಂದು ಪದ್ಧತಿ ನನಗೆ ಒಗ್ಗಿಲ್ಲ. ಅಕ್ಟೋಬರ್‌ನಲ್ಲಿ, ಒಂದು ಪಂದ್ಯವೂ ನಡೆಯುವ ಮೊದಲು, ಸುಮಾರು 60 ಕ್ರೀಡಾ ಪತ್ರಕರ್ತರು ಮತ ಹಾಕುತ್ತಾರೆ. ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ ಅಗ್ರ 25 ತಂಡಗಳ ಪಟ್ಟಿ ಹೊರಡಿಸುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ.

ಈ ಆಟದ ಮೇಲೆ ಇಲ್ಲಿನವರಿಗಿರುವ ಪ್ರೀತಿ ದೊಡ್ಡದು. ನಮ್ಮ ಕಾಲೇಜಿನ ಪಂದ್ಯಕ್ಕೆ ಆಟಗಾರರ ಗೆಳೆಯರಷ್ಟೇ ಬರುತ್ತಿದ್ದರು. ಇಲ್ಲಿ ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಒಳಾಂಗಣದಲ್ಲಿ 21 ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ನೆರೆಯ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಪಂದ್ಯಕ್ಕಾಗಿ ಚಳಿಯಲ್ಲಿ ವಾರಗಟ್ಟಲೆ ಡೇರೆ ಹಾಕಿ ಮಲಗುತ್ತಾರೆ. ಆ ಪ್ರೀತಿ ನಮ್ಮ ಕಾಲೇಜು ಅಂಗಳಗಳಿಗೂ ಬರಲಿ ಎಂದು ಆಸೆಪಡುತ್ತೇನೆ. ಈ ಪಟ್ಟಿ ಮಾತ್ರ ಬೇಡ.

2022ರ ಅಕ್ಟೋಬರ್‌ನಲ್ಲಿ ಚಾಪೆಲ್ ಹಿಲ್ ತಂಡಕ್ಕೇ ಮೊದಲ ಸ್ಥಾನ ಸಿಕ್ಕಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅದು, ದೇಶದ ಚಾಂಪಿಯನ್ನರನ್ನು ಆರಿಸುವ ಮಾರ್ಚ್ ಟೂರ್ನಿಯ ಫೈನಲ್‌ನಲ್ಲಿ ಕ್ಯಾನ್ಸಸ್ ಎದುರು 72-69ರಿಂದ ಸೋತಿತ್ತು, ಐವರು ಪ್ರಮುಖರಲ್ಲಿ ನಾಲ್ವರು ಮರಳಿದ್ದರು. ಆದರೆ ಅದೇ ತಂಡ ಆ ಟೂರ್ನಿಗೆ ಬಂದದ್ದು, ಪ್ರತಿ ಗುಂಪಿನಲ್ಲಿ 1ರಿಂದ 16ರವರೆಗೆ ಕೊಡುವ ಶ್ರೇಯಾಂಕಗಳಲ್ಲಿ ಎಂಟನೆಯದರೊಂದಿಗೆ. ಮೂರು ವಾರಗಳ ಮಿಂಚನ್ನು ನೆನಪಿಟ್ಟವರು ಅದಕ್ಕೂ ಮುಂಚಿನ ತಿಂಗಳುಗಳ ತಡವರಿಕೆಯನ್ನು ಮರೆತರು. ನವೆಂಬರ್‌ನಲ್ಲಿ ಅಲಬಾಮಾ ಎದುರು ನಾಲ್ಕು ಹೆಚ್ಚುವರಿ ಅವಧಿ ಆಡಿ 103-101ರಿಂದ ಸೋತ ರಾತ್ರಿ, ಈ ಹುಡುಗರ ಹೆಗಲ ಮೇಲೆ ಅವರು ಗಳಿಸದ ಭಾರವೊಂದಿದೆ ಎನಿಸಿತು. ಕೊನೆಗೆ 20 ಗೆಲುವು, 13 ಸೋಲು. ಮಾರ್ಚ್ ಟೂರ್ನಿಗೆ ಕರೆಯೇ ಬರಲಿಲ್ಲ. 1985ರಲ್ಲಿ ಟೂರ್ನಿ 64 ತಂಡಗಳಿಗೆ ವಿಸ್ತರಿಸಿದ ಮೇಲೆ ಅಕ್ಟೋಬರ್‌ನ ಅಗ್ರ ತಂಡಕ್ಕೆ ಹೀಗಾದದ್ದು ಅದೇ ಮೊದಲು. ಪ್ರಶಸ್ತಿ ಗೆದ್ದ ಕನೆಕ್ಟಿಕಟ್ ಅಕ್ಟೋಬರ್‌ನ ಪಟ್ಟಿಯಲ್ಲೇ ಇರಲಿಲ್ಲ. 2025ರಲ್ಲಿ ಗೆದ್ದ ಫ್ಲೋರಿಡಾ ಅದರ ಹಿಂದಿನ ಅಕ್ಟೋಬರ್‌ನ ಪಟ್ಟಿಯಲ್ಲಿ 21ನೆಯದಾಗಿತ್ತು.

ಪಂದ್ಯ ಊಹಿಸುವುದನ್ನು ನಾನು ವಿರೋಧಿಸುವುದಿಲ್ಲ, ಅದರಲ್ಲಿ ನನಗೆ ನಿಜವಾದ ಸಂತೋಷವಿದೆ. ಆದರೆ ಊಹೆ ಇಬ್ಬರು ಎದುರಾಳಿಗಳ ಆಟದ ಬಗೆಯಿಂದ ಹುಟ್ಟಬೇಕು: ಯಾರು ಚೆಂಡು ಕಳೆದುಕೊಳ್ಳುತ್ತಾರೆ, ತಪ್ಪಿದ ಎಸೆತ ಯಾರ ಕೈ ಸೇರುತ್ತದೆ, ಯಾರು ಎಷ್ಟು ವೇಗವಾಗಿ ಆಡುತ್ತಾರೆ. 2018ರ ವರ್ಜೀನಿಯಾ ನಿಧಾನದ ಆಟಕ್ಕೆ ಹೆಸರಾದ ತಂಡ. ಅಕ್ಟೋಬರ್‌ನಲ್ಲಿ ಪಟ್ಟಿಯ ಹೊರಗಿದ್ದು, ಮಾರ್ಚ್ ಹೊತ್ತಿಗೆ ದೇಶಕ್ಕೇ ಮೊದಲನೆಯದಾಯಿತು. ಆದರೆ ನಿಧಾನದ ಆಟದಲ್ಲಿ ಚೆಂಡು ಕೈಗೆ ಬರುವ ಸರದಿಗಳೇ ಕಡಿಮೆ. ಒಮ್ಮೆ ಹಿಂದೆ ಬಿದ್ದರೆ ಚೇತರಿಸಿಕೊಳ್ಳುವುದು ಕಷ್ಟ. ಮಾರ್ಚ್ ಟೂರ್ನಿಯಲ್ಲಿ 16ನೇ ಶ್ರೇಯಾಂಕದ ಯುಎಂಬಿಸಿ (ಮೇರಿಲ್ಯಾಂಡ್‌ನ ಒಂದು ವಿಶ್ವವಿದ್ಯಾಲಯ) ವರ್ಜೀನಿಯಾ ಎದುರು ಮಧ್ಯಂತರದಲ್ಲಿ 21-21 ಸಮ ನಿಂತು, 74-54ರಿಂದ ಗೆದ್ದಿತು.

ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ತಂಡಗಳನ್ನು ಅಳೆಯಲು 2018ರಿಂದ ಬಳಸುತ್ತಿರುವ ನೆಟ್ ಎಂಬ ಅಳತೆ, ಕೆಲವು ವಾರಗಳ ಆಟ ಮುಗಿದ ಮೇಲಷ್ಟೇ ಹೊರಬೀಳುತ್ತದೆ. ಪತ್ರಕರ್ತರ ಪಟ್ಟಿಯೂ ಡಿಸೆಂಬರ್‌ವರೆಗೆ ಕಾಯಲಿ. ನಮ್ಮ ರಣಜಿ ಟ್ರೋಫಿಯನ್ನು ಎಂಟು ಸಲ ಗೆದ್ದ ಕರ್ನಾಟಕವೂ ಪ್ರತಿ ವರ್ಷ ಲೀಗ್ ಹಂತದಲ್ಲಿ ಸೊನ್ನೆ ಅಂಕದಿಂದಲೇ ಹೊರಡುತ್ತದೆ.

ಯಾರು ಮೇಲು ಎಂಬುದು ಆಡಿದ ಮೇಲೆಯೇ ತಿಳಿಯುತ್ತದೆ ಎಂಬುದಕ್ಕೆ ಇಲ್ಲಿಯದೇ ಒಂದು ಹಳೆಯ ಕಥೆಯಿದೆ. ಡ್ಯೂಕ್ ಇರುವ ಡರ್ಹಾಮ್‌ನಲ್ಲೇ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳ ಕಾಲೇಜೊಂದಿತ್ತು. ಅದೇ ಇಂದಿನ ನಾರ್ತ್ ಕೆರೊಲಿನಾ ಸೆಂಟ್ರಲ್ ವಿಶ್ವವಿದ್ಯಾಲಯ. ವರ್ಣಭೇದದ ಆ ಕಾಲದಲ್ಲಿ ಬಿಳಿಯರ ತಂಡದೊಡನೆ ಆಡುವುದು ಅವರಿಗೆ ನಿಷಿದ್ಧ. 1944ರ ಮಾರ್ಚ್‌ನ ಒಂದು ಭಾನುವಾರ, ಡ್ಯೂಕ್ ವೈದ್ಯಕೀಯ ಕಾಲೇಜಿನ ತಂಡ ಗುಟ್ಟಾಗಿ ಅಲ್ಲಿಗೆ ಹೋಯಿತು. ಬಾಗಿಲು ಹಾಕಿಕೊಂಡು, ಪ್ರೇಕ್ಷಕರಿಲ್ಲದೆ ಆಡಿದರು. ಜಾನ್ ಮೆಕ್ಲೆಂಡನ್ ತರಬೇತಿಯ ಹುಡುಗರು 88-44ರಿಂದ ಗೆದ್ದರು.